ಸೀಮೆಎಣ್ಣೆಯ ಬಾಬ್ತು

ಪಂಜಿನ ಮೆರವಣಿಗೆಗೆ ಸೀಮೆಎಣ್ಣೆ, ಹತ್ತು ಲೀಟರ್.
ಬರೆದವನು ನಾನೇ. ಸಿದ್ದಾಪುರದ ರಸೀದಿಯೂ ಇದೆ.
ಏಳು ಪಂಜಿಗೆ ಹೋಯಿತು.
ಉಳಿದ ಮೂರು?

ನಾವು ಕೇಳಿದ್ದು ನಿವೇಶನ,
ಲೈನ್ ಮನೆಯಿಂದಾಚೆ ಮೂರು ಸೆಂಟು ನೆಲ.
ರಾತ್ರಿ ಎಸ್ಟೇಟಿನ ಗೋದಾಮು ಹೊತ್ತಿತು.
ಮೂಟೆ ಮೂಟೆ ಕಾಫಿ ಬೆಂದು
ಊರೆಲ್ಲ, ಹೇಳಲು ನಾಚಿಕೆ, ಘಮಘಮ.

‘ಹಚ್ಚಿದವರು ನಮ್ಮವರಲ್ಲ’
ಮೈಕಿನಲ್ಲಿ ಅಂದಳು ಮುತ್ತಕ್ಕ.
ಇರಬಹುದು.
‘ಕೊಡದಿದ್ದರೆ ಬಿಡೆವು’ ಎಂದು ಬರೆದುಕೊಟ್ಟಿದ್ದೆ ನಾನು.
ಹಿಂದಿನ ಸಾಲಿನಿಂದ ಯಾರೋ ಸೇರಿಸಿದರು: ‘ಸುಡುವೆವು.’
ಪ್ರಾಸ ಕೂಡಿತೆಂದು ನಕ್ಕಿದ್ದೆ.

ಮಡಿಕೇರಿ ಆಸ್ಪತ್ರೆಯಲ್ಲಿ ಗೋದಾಮು ಕಾಯುವ ಬೊಳಕ,
ಎರಡೂ ಕೈಗೆ ಬಟ್ಟೆ ಸುತ್ತಿ.
ನಮ್ಮ ಮನವಿಯ ನಲವತ್ತಮೂರನೇ ಹೆಬ್ಬೆಟ್ಟು ಅವನದು.
ಕಿತ್ತಳೆ ಒಯ್ದಿದ್ದೆ.
‘ಸುಲಿದು ಕೊಡಿ’ ಅಂದ.
ಒಂದೊಂದೇ ತೊಳೆ ಬಾಯಿಗಿಟ್ಟೆ.
ಬೀಜ ಉಗಿಯಲು ನನ್ನ ಅಂಗೈ ಚಾಚಿದೆ.
‘ಜಾಗ ಸಿಗ್ತದಾ ಸಾರ್?’

ಇವತ್ತು ಸಭೆಯಲ್ಲಿ ಲೆಕ್ಕ ಓದುವ ಸರದಿ.
ಶಾಮಿಯಾನ, ಚಹಾ, ಜೀಪು ಬಾಡಿಗೆ,
ಸೀಮೆಎಣ್ಣೆ.
‘ಮುಂದಿನ ಬಾಬ್ತು ಓದಿ’ ಅನ್ನುತ್ತಾರೆ,
ಒಬ್ಬರಲ್ಲ, ಎಲ್ಲರೂ,
ಘೋಷಣೆ ಕೂಗಿದ ಅದೇ ದನಿಯಲ್ಲಿ.

ಕನ್ನಡಕ ಒರೆಸಿ
ಅದನ್ನೇ ಮತ್ತೆ ಓದುತ್ತೇನೆ.