ನಕಾಶೆಯಲ್ಲಿಲ್ಲದ ಬಚ್ಚಲ

ಅರವತ್ತೊಂದಕ್ಕ ಎಂ.ಎ. ಕಟ್ಟೇನಿ.
ನೀತಿಶಾಸ್ತ್ರ ಮತ್ತು ಅನ್ವಯಿಕ ತತ್ವಶಾಸ್ತ್ರ.
ಫೀ ತುಂಬೂ ಮುಂದ ಕಾರಕೂನ ಕೇಳಿದ:
"ಅಕ್ಕಾರ, ಇದರಿಂದ ಪ್ರಮೋಷನ್ ಏನರ ಸಿಗತೈತೇನ್ರಿ?"
ರಿಟಾಯರ್ ಆಗಿ ಮೂರು ವರ್ಷ ಆತಪಾ, ಅಂದೆ.
ಮಾರಿ ನೋಡಿದ. ರಸೀದಿ ಹರದು ಕೊಟ್ಟ.

ಐತವಾರಕ್ಕೊಮ್ಮೆ ಕ್ಲಾಸು, ನವನಗರದಾಗ.
ಸೆಕ್ಟರ್ ನಂಬರ ಹೇಳಿದ್ರ ಆಟೋದಾಂವಗ ತಿಳಿತೈತಿ,
ಓಣಿ ಹೆಸರು ಹೇಳಿದ್ರ ತಿಳಿಯೂದಿಲ್ಲ;
ಓಣಿಗೋಳು ನೀರಾಗ ಅದಾವು.

ಮೊದಲನೇ ದಿನ ಇಳಕಲ್ಲ ಸರ್ ಬೋರ್ಡಿನ ಮ್ಯಾಲ
ಎರಡು ಹಳಿ ಎಳದ್ರು, ಒಂದು ರೈಲು ಬಿಟ್ರು,
ಬ್ರೇಕ್ ಇಲ್ಲದ್ದು.
ಈ ಹಳಿ ಮ್ಯಾಲ ಐದು ಮಂದಿ, ಆ ಹಳಿ ಮ್ಯಾಲ ಒಬ್ಬಾಂವ.
ಹಳಿ ಬದಲಿಸೂ ಹಿಡಿಕಿ ನಿಮ್ಮ ಕೈಯಾಗ ಐತಿ. ಏನ ಮಾಡ್ತೀರಿ?
ಇಪ್ಪತ್ತೆರಡರ ಹುಡುಗೋರು ಕೈ ಎತ್ತಿದ್ರು.
ಐದು ದೊಡ್ಡದು, ಅಂದ ಒಬ್ಬ.
ಎಣಸಾಕ ಅವ್ರೇನು ತೆಂಗಿನಕಾಯೇನು, ಅಂದ್ಳು ಮೆಹಜಬೀನ
ಗಡಿಯಾರ ನೋಡಿಕೋತ; ಆಕಿಗೆ ಬೀಳಗಿ ಬಸ್ಸು.
ನಾ ಸುಮ್ಮನಿದ್ದೆ.
ಹಿಡಿಕಿ ಕಬ್ಬಿಣದ್ದಽ ಇರಬೇಕಂತೇನಿಲ್ಲ,
ಸಣ್ಣ ನಿಬ್ಬಿನ ಮಸಿ ಪೆನ್ನೂ ಆಗತೈತಿ ಅಂತ
ಹೇಳಾಕ ಬಾಯಿ ಬರಲಿಲ್ಲ.

ಯಾಕಂದ್ರ ಮೂವತ್ತೊಂದು ವರ್ಷ ನಾ ಟ್ರೇಸರ್.
ಅಳತಿ ಮಾಡಾವ್ರು ಬ್ಯಾರೆ, ದರಾ ಕಟ್ಟಾವ್ರು ಬ್ಯಾರೆ,
ಸಹಿ ಮಾಡಾವ್ರು ಮಾಳಿಗಿ ಮ್ಯಾಲ.
ಅವರ ಗೆರಿ ಮ್ಯಾಲ ಬಟರ್ ಪೇಪರ್ ಹಾಸಿ
ಗೆರಿ ಎಳದಾಕಿ ನಾ.
ಮುಳುಗೂ ಊರಿನ ಮನಿ ಒಂದೊಂದಽ
ನನ್ನ ಮೇಜಿನ ಮ್ಯಾಲ ಹಾದು ಹ್ವಾದವು:
ಪಡಸಾಲಿ, ನಡಮನಿ, ಜಗಲಿ, ಹಗೇವು, ದನದ ಗ್ವಾದಲಿ.
ಕಿಟಕಿ ಎಳಿಯೂ ಮುಂದ
ಅದರಾಗಿಂದ ಏನ ಕಾಣತಿತ್ತು ಅಂತ ಕೇಳೂ ರೂಢಿ ಇರಲಿಲ್ಲ.

ಗಿರಿಜವ್ವ ಹಳಪೇಟಿ ಮನಿ ಬಂತು.
ಬಚ್ಚಲ: ಆರು ಫೂಟು, ನಾಕು ಫೂಟು, ಕಲ್ಲಫರಸಿ.
ಪೆನ್ಸಿಲ್ಲಿಲೆ ಇತ್ತು, ಮ್ಯಾಲೆ ಕೆಂಪು ಗೀಟು.
"ತಗೀರಿ ಅದನ್ನ, ಮನಿಗೆ ಹೊಂದಿಲ್ಲ," ಅಂದ್ರು ಸಾಹೇಬ್ರು.
ತಗದೆ.
ಅದಽ ವಾರ ಚೇರ್ಮನ್ರ ಮನಿ.
ಇಲ್ಲದ ಖೋಲಿಗೆ ಎರಡು ಕಿಟಕಿ.
ಆ ಗೆರೀನೂ ನನ್ನವಽ. ಸಪೂರ, ನೆಟ್ಟಗ.
ಸುಶೀಲಾಬಾಯಿ ಗೆರಿ ಎಂದೂ ಸೊಟ್ಟ ಆಗಿಲ್ಲ ಅಂತ
ರಿಟಾಯರ್ ಆದ ದಿನ ಶಾಲು ಹೊಚ್ಚಿದ್ರು.

ರಾತ್ರಿ ಅಡಗಿಮನಿಯಾಗ ಓದತೇನಿ.
ಟಿವಿ ಸಣ್ಣಗ ಮಾಡಿ ನಮ್ಮವರು ಕೇಳತಾರ,
"ಸುಳ್ಳು ಹೇಳಬ್ಯಾಡ್ರಿ ಅನ್ನೂದನ್ನ ಕಲಿಯಾಕ
ಎರಡು ವರ್ಷ ಬೇಕಽ?"
ಸುಳ್ಳು ನಾ ಹೇಳಿಲ್ರಿ.
ಹೇಳಿದ ಸುಳ್ಳಿಗೆ ಮಸಿ ಹಾಕೇನಿ.
ಅದಕ್ಕ ಏನಂತಾರ ಅನ್ನೂದು
ಮೂರನೇ ಸೆಮಿಸ್ಟರಿನ್ಯಾಗ ಬರತೈತಂತ.

ಬಂತು. ಹತ್ತು ಅಂಕಕ್ಕ:
"ಆಜ್ಞೆ ಪಾಲಿಸಿದವರ ಹೊಣೆಗಾರಿಕೆಯನ್ನು
ಸೋದಾಹರಣವಾಗಿ ಚರ್ಚಿಸಿ."
ಸೋದಾಹರಣವಾಗಿ.
ಬಚ್ಚಲ ಬರದೆ. ಫರಸಿ ಬರದೆ. ನೀರು ಹೋಗೂ ಮೋರಿ ಬರದೆ.
ತಗಡಿನ ಶೆಡ್ಡಿನ ಹಿಂದ ಸೀರಿ ಅಡ್ಡ ಕಟಗೊಂಡು
ನಸುಕಿನ್ಯಾಗ ಜಳಕ ಮಾಡತಿದ್ದ ಗಿರಿಜವ್ವನ್ನ ಕಂಡಿದ್ದು ಬರದೆ,
ಕಂಡು ಸೈಕಲ್ ತಿರವಿದ್ದು ಬರದೆ.
ಪುರವಣಿ ಇಸಕೊಂಡೆ.

ನಾಕು ಅಂಕ.
ರೊಕ್ಕ ತುಂಬಿ ಉತ್ತರಪತ್ರಿಕಿ ಝೆರಾಕ್ಸ್ ತರಿಸಿದೆ.
ಅಂಚಿನ್ಯಾಗ ಯಾರೋ ಬರದಾರ, ಅಕ್ಷರ ಚಂದ ಅದಾವು:
"ಉದಾಹರಣೆ ಪಠ್ಯದಲ್ಲಿಲ್ಲ. ಆಧಾರ ಕೊಡಿ."

ಕೊಡತೇನ್ರಿ.
ಈಗ ನವೆಂಬರ್, ಹಿನ್ನೀರು ತುಂಬಿ ನಿಂತೈತಿ.
ಮೇ ತಿಂಗಳ ಬರಲಿ, ಇಳೀಲಿ;
ಒಮ್ಮೊಮ್ಮೆ ಪಾಯಾ ಕಾಣತಾವಂತ.
ಟೇಪು ಚೀಲದಾಗ ಇಟ್ಟೇನಿ.
ಒಂದು ತುದಿ ಮೆಹಜಬೀನ ಹಿಡೀತಾಳಂತ,
ಬಸ್ಸು ತಪ್ಪಿದ್ರೂ ಅಡ್ಡಿಯಿಲ್ಲಂತ.