ಕತ್ತೆಗೆ ಕೊಟ್ಟ ಮಾತು

ಹೆಸರು ಮೌನೇಶ. ಮೌನೇಶ ಪತ್ತಾರ, ಗದಗಿನಾಂವ.
ಇಂಥಾ ಹೆಸರಿಟ್ಟ ಮಗನ್ನ ರೇಡಿಯೋಕ್ಕ ಕಳಿಸಿದ
ಅವರಪ್ಪನ ಧೈರ್ಯ ದೊಡ್ಡದು.
ಧಾರವಾಡದಾಗ ನಾ ಗಾಜಿನ ಈ ಕಡೆ, ಟೇಪು ಕತ್ತರಸಾಂವ;
ಅಂವ ಆ ಕಡೆ, ಮುಂಜಾನೆ ಆರೂ ಐದಕ್ಕ,
ಬ್ಯಾಡಗಿ ಮೆಣಸಿನಕಾಯಿ, ಅಣ್ಣಿಗೇರಿ ಕಡ್ಲಿ,
ಕ್ವಿಂಟಲ್ಲಿಗೆ ಇಷ್ಟು, ಕ್ವಿಂಟಲ್ಲಿಗೆ ಅಷ್ಟು.
ಧಾರಣಿ ಇಳದ ದಿನ ದನೀನೂ ಒಂದೀಟ ಇಳಿಸಾಂವ,
ಮನ್ಯಾಗ ಯಾರಿಗೋ ಆರಾಮಿಲ್ಲ ಅಂತ ಹೇಳಿದಂಗ.

ರಾತ್ರಿ ಇಬ್ಬರೂ ಹುಬ್ಬಳ್ಳಿಗೆ.
ಕೇಶ್ವಾಪುರದಾಗೊಂದು ಖೋಲಿ, ಗ್ವಾಡಿ ತುಂಬ ತತ್ತಿ ಟ್ರೇ.
ಕೆಳಗ ಹಿಟ್ಟಿನ ಗಿರಣಿ ನಿಂತ ಮ್ಯಾಲೆ
ಮ್ಯಾಲೆ ಕಾರ್ಟೂನು ಸುರು.
ಇಲಿಗೆ ನಲವತ್ತು ರೂಪಾಯಿ, ಕಾಗಿಗೆ ನಲವತ್ತು,
ಹಲ್ಲುನೋವಿನ ಮೊಸಳಿಗೆ ಅರವತ್ತು, ಗಂಟಲಾ ಹರೀತದಲ್ಲ.
ಬನೀನಿನ ಮ್ಯಾಲೆ ನಿಂತು
ತನ್ನ ಜೋಡಿ ತಾನ ಜಗಳಾಡಾಂವ.
ಫ್ಯಾನ್ ಹಚ್ಚಿದ್ರ ಸಪ್ಪಳಾಗತಿತ್ತು.

ನಾಯಕ ಮೊಲ. ಅದಕ್ಕ ಪುಸ್ತಕದ ಕನ್ನಡ:
"ನಾನು ಹೋಗುತ್ತೇನೆ, ನೀವು ಇಲ್ಲಿಯೇ ಇರಿ."
ಕತ್ತಿ ಬಂದಾಗ ಮಾಲಕ ಅಂದ:
ಇದಕ್ಕ ನಿಮ್ಮ ಕಡೆ ಮಾತು ಹಾಕ್ರಿ, ಮಂದಿ ನಗತಾರ.
ಮೌನೇಶ ನೀರು ಕುಡದ.
ಹೆಡ್‌ಫೋನ್ ತಗದ, ಮತ್ತ ಹಾಕ್ಕೊಂಡ.
"ಆತು ತಗೋರಿ."
ಅವತ್ತಿಂದ ಆ ಕತ್ತಿ ಒಂದ ಸಲಾನೂ ಸುಳ್ಳು ಹೇಳಲಿಲ್ಲ.
ಬರದು ಕೊಟ್ಟದ್ದು ಒಂದು, ಅಂವ ಅಂದದ್ದು ಒಂದು:
"ಯಾಕೋ ತಮ್ಮಾ, ಹೊತ್ತಾಂವಗ ಭಾರ ಗೊತ್ತು,
ಹೇರಿದಾಂವಗೇನು ಗೊತ್ತು?"
ಮೊಲದ ಹೆಸರು ಈಗ ಯಾರಿಗೂ ನೆನಪಿಲ್ಲ.

ನಿವೃತ್ತಿ ಆದ ಮ್ಯಾಲೆ ಒಂದಿನ ಗ್ರಂಥಿಗಿ ಅಂಗಡ್ಯಾಗ
"ಜೇಷ್ಠಮಧು ಕೊಡ್ರಿ, ಐವತ್ತು ಗ್ರಾಮು" ಅಂದ.
ಬಾಜೂಕ ನಿಂತ ಸಣ್ಣ ಹುಡುಗಿ
ಬಗ್ಗಿ ಗಲ್ಲೇದ ಕೆಳಗ ನೋಡಿತು,
ಅವನ ಬೆನ್ನ ಹಿಂದ ನೋಡಿತು,
ಚೀಲದಾಗ ಹಣಿಕಿ ಹಾಕಿತು.
ಮುಂದಿನದೆಲ್ಲಾ ಅಂವ ಕೈಸನ್ನಿ ಮಾಡಿ
ರೊಕ್ಕಾ ಕೊಟ್ಟು ಬಂದ.
ನನಗ ಇದನ್ನ ಹೇಳಿ ನಕ್ಕ.
ಯಾವ ಪ್ರಾಣಿ ನಗಿ ಅಂತ ತಿಳೀಲಿಲ್ಲ.

ನನ್ನ ಕಡೆ ಒಂದು ತಗಡಿನ ಡಬ್ಬಿ ಐತಿ.
ಟೇಪಿನ ಕಾಲದಾಗ ಅವನ ಮಾತಿನ ನಡುವಿಂದ
ಬ್ಲೇಡ್ ಹಿಡದು ನಾ ಕೊಯ್ದು ತಗದದ್ದು:
ಕೆಮ್ಮು, ಉಗುಳು ನುಂಗಿದ್ದು,
ವಾಕ್ಯ ಸುರು ಆಗೂ ಮೊದಲಿನ ಉಸಿರು.
ಚೆಲ್ಲಾಕ ಮನಸಾಗಿರಲಿಲ್ಲ.
ಮೊನ್ನೆ ತುಂಡು ತುಂಡು ಜೋಡಿಸಿದೆ, ಹನ್ನೊಂದು ನಿಮಿಷಾತು.
ಇಲಿ ಇಲ್ಲ, ಮೊಸಳಿ ಇಲ್ಲ, ಕತ್ತೀನೂ ಇಲ್ಲ.
ಕರದು ಕೇಳಿಸಿದೆ.
ಕಣ್ಣು ಮುಚ್ಚಿ ಪೂರಾ ಕೇಳಿದ.
"ಯಾರೋ ಇಂವ?" ಅಂದ. "ದಮ್ಮು ಇದ್ದಂಗೈತಿ.
ಡಾಕ್ಟರಿಗೆ ತೋರಸು ಅಂತ ಹೇಳು."