ಓದಬಹುದು, ಬರೆಯುವಂತಿಲ್ಲ

ಚಿತ್ರ ತೋರಿಸುವ ಕೆಲಸ, ಅಷ್ಟೇ.
ಅದಕ್ಕೆ ಏನೇನು ಕೇಳುತ್ತದೆ ನೋಡಿ ಈ ಪ್ರೋಗ್ರಾಮು:
ಮುನ್ನೂರು ಬಗೆಯ ಅಕ್ಷರಗಳ ಪೆಟ್ಟಿಗೆ ಬೇಕಂತೆ,
ಮೌಸಿನ ಬಾಣ ಬೇಕಂತೆ, ಬಾಣದ ನೆರಳೂ ಬೇಕಂತೆ,
ಮೊನ್ನೆ ಯಾರು ಯಾವುದನ್ನು ತೆರೆದರೆಂಬ ಪಟ್ಟಿ,
ಮೈಕು, ಪ್ರಿಂಟರು.
ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ.

ವಿಲ್ಯಾಂದಿ ಊರಿನ ಗ್ರಂಥಾಲಯ, ಮೂರನೇ ಮಹಡಿ.
ಕಿಟಕಿಯಾಚೆ ಹೆಪ್ಪುಗಟ್ಟಿದ ಕೆರೆ,
ಮೂರೂವರೆಗೇ ಕತ್ತಲು.
ಸಾರ್ವಜನಿಕರ ಆರು ಕಂಪ್ಯೂಟರುಗಳಿಗೆ
ನಾನು ನಿಯಮ ಬರೆಯುತ್ತೇನೆ.
ಮೊದಲ ವಾರ ಏನನ್ನೂ ತಡೆಯುವುದಿಲ್ಲ,
ಬಿಟ್ಟು ನೋಡುತ್ತೇನೆ, ಬರೆದಿಟ್ಟುಕೊಳ್ಳುತ್ತೇನೆ,
ಹೊಸ ನೆಂಟನ ಬೆನ್ನಿಗೇ ಕಣ್ಣಿಟ್ಟ ಹಾಗೆ.
ಆಮೇಲೆ ಒಂದೊಂದೇ ಸಾಲು:
ಇದನ್ನು ಓದಬಹುದು.
ಇದನ್ನು ಓದಬಹುದು, ಬರೆಯುವಂತಿಲ್ಲ.
ಇದು ಇದೆ ಎಂಬುದೇ ನಿನಗೆ ಗೊತ್ತಿರಕೂಡದು.
ಪ್ರಿಂಟರಿನ ಎದುರು ‘ಇಲ್ಲ’ ಎಂದು ಬರೆದು
ಚಿತ್ರ ನೋಡುವವನಿಗೆ ಪ್ರಿಂಟರು ಯಾಕೋ ಎಂದು
ಒಬ್ಬಳೇ ನಕ್ಕೆ.

ಊರ್ವೆ ನಗಲಿಲ್ಲ. ಹಿಂದೆ ನಿಂತು ಓದಿದಳು:
“ಬಾಗಿಲಿಗೆ ಮೂರು ಚಿಲಕ, ಸರಿ.
ಪರದೆಯ ಮೇಲೆ ಎಲ್ಲ ಕಿಟಕಿಗಳೂ ಒಂದೇ ಹಜಾರದಲ್ಲಿ ಕೂತಿವೆ.
ಇಲ್ಲಿ ಒತ್ತಿದ ಕೀಲಿ ಅಲ್ಲಿಗೆ ಕೇಳಿಸುತ್ತೆ.
ನೀನು ಚಾಪೆ ಕೆಳಗೆ ಕಾಯ್ತಿದ್ದೀಯ,
ಅದು ರಂಗೋಲಿ ಕೆಳಗೆ ತೂರತ್ತೆ.”
ನಿಜ.
ಹೊಸ ಗೋಡೆಗೆ ಮುಂದಿನ ವರ್ಷ ದುಡ್ಡು ಬರುತ್ತದಂತೆ.

ಮಂಗಳವಾರ ಕಾಲ್ಯು ಬಂದರು. ಟೋಪಿಯ ಮೇಲೆ ಹಿಮ,
ಕೊರಳ ದಾರದಲ್ಲಿ ಒಂದು ಪೆನ್‌ಡ್ರೈವ್.
ಚುಚ್ಚಿದರು. ಬೂದು ಪರದೆ.
“ಹೆಲ್ವಿ, ಇದು ನನ್ನ ಮೇಲೆ ಮುನಿಸಿಕೊಂಡಿದೆ.”

ಮುನಿಸು ನನ್ನದೇ. ಹೊರಗಿನಿಂದ ಬಂದದ್ದನ್ನು
ಮುಟ್ಟಬೇಡ ಅಂದಿದ್ದೆ.
ಆದರೆ ದಾಖಲೆ, ತಡೆದದ್ದನ್ನೆಲ್ಲ
ಹೆಸರು ಸಮೇತ ಬರೆದಿಡುತ್ತದೆ:

ನಿರಾಕರಿಸಿದೆ, ಲೈನೆ ತೋಟದಲ್ಲಿ ಎರಡು.
ನಿರಾಕರಿಸಿದೆ, ಲೈನೆ ಕೂದಲು ಹೋದ ಮೇಲೆ.
ನಿರಾಕರಿಸಿದೆ, ಲೈನೆ ಗುರುವಾರ ಬೆಳಿಗ್ಗೆ.

ಗುರುವಾರದ ಕೆಳಗೆ ಸಾಲುಗಳಿಲ್ಲ.

ಪ್ರೋಗ್ರಾಮಿಗೆ ಕಾಣದ್ದು ನನಗೆ ಕಂಡುಬಿಟ್ಟಿತ್ತು.
ನನ್ನ ಹೆಸರಿಗೊಂದು ನಿಯಮ ಯಾರೂ ಬರೆದಿಲ್ಲ.
ಕಾಲ್ಯು ಕನ್ನಡಕ ಒರೆಸುತ್ತಿದ್ದರು.

ಒಂದು ಸಾಲು ಸೇರಿಸಿದೆ. ಓದಬಹುದು, ಅಷ್ಟೇ.
ಲೈನೆ ತೆರೆದುಕೊಂಡರು,
ರೂಬಾರ್ಬಿನ ಅಗಲ ಎಲೆಯೊಂದನ್ನು
ಕೊಡೆಯಂತೆ ತಲೆಗೆ ಹಿಡಿದು.
ಅವರು ದೊಡ್ಡದು ಮಾಡಿದರು, ಇನ್ನೂ ದೊಡ್ಡದು,
ಕೆನ್ನೆ ಚೌಕ ಚೌಕವಾಗಿ ಒಡೆಯುವ ತನಕ.

ಆಮೇಲೆ ಮೆಲ್ಲಗೆ:
“ಇದನ್ನ ಕಾಗದಕ್ಕೆ ಇಳಿಸೋಕಾಗುತ್ತಾ?”

ಎರಡು ನಿಮಿಷ ಅಂದೆ,
‘ಇಲ್ಲ’ ಎಂದು ಬರೆದ ಸಾಲು ಹುಡುಕುತ್ತಾ.